ಸೀತಾಳೆ ದಂಡೆ ಬೆಳೆಸುವ ಬಗೆ: ಬೇರು ನೋಡಿ ನೀರು ಕೊಡಿ

ಮೇ ತಿಂಗಳ ಕೊನೆಗೆ ಮಲೆನಾಡಿನ ಹಳೆ ಹಲಸಿನ ಮರಗಳ ಕೆಳಗೆ ನಿಂತು ತಲೆ ಎತ್ತಿ ನೋಡಿ. ಕೊಂಬೆಯಿಂದ ಒಂದು ಮೊಳ ಉದ್ದಕ್ಕೆ ಇಳಿಬಿದ್ದ ಹೂಗೊನೆ ಕಂಡರೆ ಅದೇ ಸೀತಾಳೆ ದಂಡೆ, ಮರದ ಮೇಲೆ ಬೆಳೆಯುವ ಆರ್ಕಿಡ್. ಒಂದೊಂದು ಗೊನೆಯಲ್ಲಿ ನೂರಕ್ಕೂ ಹೆಚ್ಚು ಹೂ ಒತ್ತೊತ್ತಾಗಿ ಇರುತ್ತವೆ. ಬಿಳಿ ಎಸಳು, ಅದರ ಮೇಲೆ ನೇರಳೆ ಚುಕ್ಕಿ, ನಡುವಿನ ತುಟಿ ಮಾತ್ರ ಗಾಢ ನೇರಳೆ. ಹೆಣ್ಣುಮಕ್ಕಳು ಇದನ್ನು ಹಾಗೇ ಮುರಿದು ಜಡೆಗೆ ಮುಡಿಯುತ್ತಿದ್ದರು. ಕಟ್ಟುವ ಕೆಲಸವೇ ಇಲ್ಲ, ಗಿಡವೇ ಮಾಲೆ ಮಾಡಿ ಕೊಡುತ್ತದೆ.

ಅಸ್ಸಾಮಿನಲ್ಲಿ ಇದೇ ಹೂವಿಗೆ ಕೊಪೌ ಫೂಲ್ ಎನ್ನುತ್ತಾರೆ. ಏಪ್ರಿಲ್‌ನ ಬಿಹು ಹಬ್ಬದಲ್ಲಿ ಕುಣಿಯುವ ಹುಡುಗಿಯರ ತುರುಬಿನಲ್ಲಿ ಇದು ಇರಲೇಬೇಕು. ಅಸ್ಸಾಂ ಮತ್ತು ಅರುಣಾಚಲ ಪ್ರದೇಶ ಎರಡಕ್ಕೂ ಇದೇ ರಾಜ್ಯ ಪುಷ್ಪ. ಸಹ್ಯಾದ್ರಿ, ಶ್ರೀಲಂಕಾ, ನೇಪಾಳದಿಂದ ಹಿಡಿದು ಥಾಯ್ಲೆಂಡ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್‌ವರೆಗೂ ಈ ಗಿಡ ಹಬ್ಬಿದೆ.

ಇಷ್ಟು ಚೆಂದದ ಗಿಡ ಮನೆಗೆ ತಂದ ಒಂದೆರಡು ವರ್ಷದಲ್ಲೇ ಸತ್ತುಹೋಯಿತು ಎಂದು ಬೇಸರ ಮಾಡಿಕೊಳ್ಳುವವರು ತುಂಬ ಜನ. ಕಾರಣ ಹೆಚ್ಚಾಗಿ ಒಂದೇ. ಎಲ್ಲರೂ ಎಲೆ ನೋಡಿ ಗಿಡ ಸಾಕುತ್ತಾರೆ. ಸೀತಾಳೆ ದಂಡೆಯನ್ನು ಬೇರು ನೋಡಿ ಸಾಕಬೇಕು.

ಯಾವ ಜಾತಿ ತರಬೇಕು?

ಸಸ್ಯಶಾಸ್ತ್ರದಲ್ಲಿ ಈ ಕುಲದ ಹೆಸರು ರಿಂಕೋಸ್ಟೈಲಿಸ್. 1825ರಲ್ಲಿ ಬ್ಲೂಮೆ ಎಂಬ ಸಸ್ಯಶಾಸ್ತ್ರಜ್ಞ ಇದನ್ನು ಪ್ರತ್ಯೇಕ ಕುಲ ಎಂದು ಗುರುತಿಸಿದರು. ಬೆರಳೆಣಿಕೆಯಷ್ಟು ಜಾತಿಗಳಿರುವ ಚಿಕ್ಕ ಕುಲ ಇದು. ನರ್ಸರಿಗಳಲ್ಲಿ ಮುಖ್ಯವಾಗಿ ಸಿಗುವುದು ಮೂರು.

ಮೊದಲನೆಯದು ನಮ್ಮದೇ ರಿಂಕೋಸ್ಟೈಲಿಸ್ ರೆಟ್ಯೂಸಾ, ಅಂದರೆ ಸೀತಾಳೆ ದಂಡೆ. ಎರಡನೆಯದು ಜೈಗಾಂಟಿಯಾ, ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ ಕಡೆಯದು. ಥಾಯ್ ಜನ ಇದನ್ನು ಚಾಂಗ್ ಎನ್ನುತ್ತಾರೆ. ಅಪ್ಪಟ ಬಿಳಿ, ಬಿಳಿಯ ಮೇಲೆ ಚುಕ್ಕಿ, ಗಾಢ ಕೆಂಪು ಎಂದು ಬಗೆಬಗೆಯ ಬಣ್ಣ ಇದೆ. ಗೊನೆ ಗಿಡ್ಡ, ಹೂ ದೊಡ್ಡದು, ಪರಿಮಳ ಜೋರು. ಚಳಿಗಾಲದಲ್ಲಿ, ಡಿಸೆಂಬರಿನಿಂದ ಫೆಬ್ರವರಿ ಒಳಗೆ ಅರಳುತ್ತದೆ. ಮೂರನೆಯದು ಸೀಲೆಸ್ಟಿಸ್. ಇದರ ಗೊನೆ ಇಳಿಬೀಳುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಬಿಳಿ ಎಸಳಿಗೆ ನೀಲಿ ತುದಿ. ಗಿಡವೂ ಪುಟ್ಟದು.

ಮಲೆನಾಡು, ಕೊಡಗು, ಕರಾವಳಿಯವರಿಗೆ ಎರಡನೇ ಯೋಚನೆಯೇ ಬೇಡ, ರೆಟ್ಯೂಸಾ ತನ್ನಿ. ಅದು ಅಲ್ಲಿಯದೇ ಗಿಡ. ಬೆಂಗಳೂರು, ಮೈಸೂರಿನ ಬಾಲ್ಕನಿಗೆ ಮೂರೂ ಆಗುತ್ತವೆ. ಬಳ್ಳಾರಿ, ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಆರ್ಕಿಡ್ ಸಾಕುವುದು ನಿಜಕ್ಕೂ ಕಷ್ಟದ ಕೆಲಸ. ಹಟ ಇದ್ದರೆ ಸೀಲೆಸ್ಟಿಸ್‌ನಿಂದ ಶುರು ಮಾಡಿ. ಮೂರರಲ್ಲಿ ಸೆಕೆಯನ್ನು ಚೆನ್ನಾಗಿ ತಾಳಿಕೊಳ್ಳುವುದು ಅದೇ.

ಕಾಡಿನಿಂದ ಕೀಳಬೇಡಿ

ಇದನ್ನು ಖಡಕ್ಕಾಗಿಯೇ ಹೇಳುತ್ತೇನೆ. ಕಾಡಿನ ಮರದಿಂದ ಸೀತಾಳೆ ಕಿತ್ತು ತರಬೇಡಿ, ಹಾಗೆ ಕಿತ್ತು ರಸ್ತೆ ಬದಿಯಲ್ಲಿ ಮಾರುವವರಿಂದ ಕೊಳ್ಳಲೂಬೇಡಿ. ಆರ್ಕಿಡ್ ಕುಟುಂಬ ಇಡಿಯಾಗಿ, ವನ್ಯಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಸೈಟೀಸ್ ಒಪ್ಪಂದದ ಪಟ್ಟಿಯಲ್ಲಿದೆ. ಆ ಪಟ್ಟಿಯ ಜೀವಿಗಳಿಗಾಗಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೂ 2022ರಲ್ಲಿ ತಿದ್ದುಪಡಿ ಬಂದಿದೆ. ಕಾನೂನು ಒಂದು ಕಡೆ ಇರಲಿ, ಗಿಡದ ಕಡೆಯಿಂದಲೂ ನೋಡಿ. ಬೇರು ತೊಗಟೆಗೆ ಎಷ್ಟು ಗಟ್ಟಿಯಾಗಿ ಅಂಟಿರುತ್ತದೆ ಅಂದರೆ, ಕಿತ್ತಾಗ ಮುಕ್ಕಾಲು ಪಾಲು ಬೇರು ಮರದಲ್ಲೇ ಉಳಿಯುತ್ತದೆ. ಕೈಗೆ ಬರುವುದು ಎಲೆಗಳ ಒಂದು ಕಂತೆ ಅಷ್ಟೆ. ಅದು ಬದುಕಿದರೂ ಹೂ ಕಾಣಲು ವರ್ಷಗಟ್ಟಲೆ ಕಾಯಬೇಕು.

ಒಂದೇ ಒಂದು ಸಂದರ್ಭದಲ್ಲಿ ಗಿಡ ಎತ್ತಿಕೊಳ್ಳಬಹುದು. ಗಾಳಿಮಳೆಗೆ ನಿಮ್ಮದೇ ತೋಟದ ಮರ ಬಿದ್ದು ಕೊಂಬೆಯಲ್ಲಿ ಸೀತಾಳೆ ಇದ್ದರೆ ಬಿಡಬೇಡಿ. ಆದರೆ ಗಿಡವನ್ನು ಬಿಡಿಸಲು ಹೋಗಬೇಡಿ. ಗಿಡದ ಎರಡೂ ಬದಿಗೆ ಒಂದೊಂದು ಗೇಣು ಬಿಟ್ಟು ಕೊಂಬೆಯನ್ನೇ ಗರಗಸದಲ್ಲಿ ಕೊಯ್ದು, ಆ ತುಂಡಿನ ಸಮೇತ ಬೇರೆ ಮರಕ್ಕೆ ಕಟ್ಟಿ. ಬೇರಿಗೆ ತಾನು ಜಾಗ ಬದಲಿಸಿದ್ದೇ ಗೊತ್ತಾಗುವುದಿಲ್ಲ.

ಮತ್ತೊಂದು ಮಾತು ತೋಟದವರಿಗೆ. ಸೀತಾಳೆಯನ್ನು ಬಂದಳಿಕೆ ಎಂದುಕೊಂಡು ಕೆರೆದು ಬಿಸಾಡುವವರು ಇನ್ನೂ ಇದ್ದಾರೆ. ಬಂದಳಿಕೆ ಮರದ ಒಳಕ್ಕೆ ಬೇರು ಇಳಿಸಿ ರಸ ಹೀರುತ್ತದೆ. ಸೀತಾಳೆ ಹಾಗೆ ಮಾಡುವುದಿಲ್ಲ. ಅದಕ್ಕೆ ಮರದಿಂದ ಬೇಕಾಗಿದ್ದು ನಿಲ್ಲಲು ಜಾಗ ಮಾತ್ರ. ನೀರು ಮಳೆಯಿಂದ, ಗೊಬ್ಬರ ತೊಗಟೆಯ ಮೇಲೆ ಹರಿದು ಬರುವ ಧೂಳು, ಕೊಳೆತ ಎಲೆಯಿಂದ. ನಿಮ್ಮ ಮಾವಿಗೋ ಹಲಸಿಗೋ ಇದರಿಂದ ಏನೂ ತೊಂದರೆ ಇಲ್ಲ.

ನರ್ಸರಿಯಲ್ಲಿ ಕೊಳ್ಳುವಾಗ ಬೀಜದಿಂದ ಅಥವಾ ಅಂಗಾಂಶ ಕೃಷಿಯಿಂದ ಬೆಳೆಸಿದ ಗಿಡವೇ ಎಂದು ಕೇಳಿ. ಹೂ ಇದೆಯಾ ಎಂದು ನೋಡಬೇಡಿ, ಬೇರು ನೋಡಿ. ದಪ್ಪಗೆ, ಬೆಳ್ಳಿಯಂಥ ಬಿಳುಪಿನ ಬೇರು, ತುದಿಯಲ್ಲಿ ಹಸಿರೋ ನೇರಳೆಯೋ ಆದ ಮಿರುಗುವ ಮೊನೆ ಇದ್ದರೆ ಗಿಡ ಬೆಳೆಯುತ್ತಿದೆ ಎಂದರ್ಥ. ಕಂದು ಬಣ್ಣಕ್ಕೆ ತಿರುಗಿದ ಬೇರನ್ನು ಎರಡು ಬೆರಳಲ್ಲಿ ಒತ್ತಿ. ಟೊಳ್ಳಾಗಿ ಅಮುಕಿಹೋದರೆ ಅದು ಸತ್ತ ಬೇರು. ಅರ್ಧಕ್ಕಿಂತ ಹೆಚ್ಚು ಬೇರು ಹಾಗಿದ್ದರೆ ಆ ಗಿಡ ಅಗ್ಗಕ್ಕೆ ಕೊಟ್ಟರೂ ಬೇಡ. ಚಿಕ್ಕ ಗಿಡ ತಂದರೆ ಹೂವಿಗೆ ನಾಲ್ಕೈದು ವರ್ಷ ಕಾಯುವ ತಾಳ್ಮೆ ಬೇಕು. ಮೊದಲ ಸಲ ಬೆಳೆಸುವವರು ಸ್ವಲ್ಪ ದುಡ್ಡು ಜಾಸ್ತಿ ಆದರೂ ಹೂ ಬಿಡುವ ವಯಸ್ಸಿನ ಗಿಡ ತರುವುದೇ ಒಳ್ಳೆಯದು.

ಮರಕ್ಕೆ ಕಟ್ಟುವುದು

ಅಂಗಳದಲ್ಲಿ ಒಂದು ಮರ ಇದ್ದರೆ ಬುಟ್ಟಿ, ಕುಂಡ ಯಾವುದೂ ಬೇಡ. ಮೊದಲ ಮಳೆ ಬಿದ್ದು, ಗಿಡದಲ್ಲಿ ಹೊಸ ಬೇರು ಮೊಳೆಯಲು ಶುರುವಾದಾಗ ಕಟ್ಟಿ. ಅಂದರೆ ಮೇ ಕೊನೆ, ಜೂನ್. ಡಿಸೆಂಬರಿನಲ್ಲಿ ಕಟ್ಟಿದ ಗಿಡ ಆರು ತಿಂಗಳು ಸುಮ್ನೆ ನೇತಾಡುತ್ತಿರುತ್ತದೆ, ಬೇರು ಹಿಡಿಯುವುದೇ ಇಲ್ಲ.

1. ಮರ ಆರಿಸಿ. ಒರಟು ತೊಗಟೆ ಇರಬೇಕು, ಅದು ಉದುರಬಾರದು. ಮಾವು, ಹಲಸು ಬಹಳ ಒಳ್ಳೆಯವು. ಸೀಬೆ, ನೀಲಗಿರಿ, ನಂದಿ ಮರಗಳು ವರ್ಷ ವರ್ಷ ತೊಗಟೆ ಕಳಚುತ್ತವೆ. ಅಂಟಿದ ಬೇರು ತೊಗಟೆಯ ಜೊತೆಗೇ ಬಿದ್ದುಹೋಗುತ್ತದೆ.

2. ದಿಕ್ಕು ನೋಡಿ. ಕಾಂಡದ ಪೂರ್ವ ಅಥವಾ ಈಶಾನ್ಯದ ಬದಿಗೆ ಕಟ್ಟಿ. ಬೆಳಗಿನ ಎಳೆಬಿಸಿಲು ಸಿಗುತ್ತದೆ, ಮಧ್ಯಾಹ್ನದ ಬಿಸಿಲು ತಪ್ಪುತ್ತದೆ. ನಮ್ಮಲ್ಲಿ ಮುಂಗಾರು ಬೀಸುವುದು ನೈಋತ್ಯದಿಂದ. ಗಿಡ ಕಾಂಡದ ಆಚೆ ಬದಿಗಿದ್ದರೆ ಜುಲೈ ತಿಂಗಳ ಜಡಿಮಳೆ ನೇರವಾಗಿ ಹೊಡೆಯುವುದಿಲ್ಲ. ಎತ್ತರ ನಿಮ್ಮ ಕಣ್ಣಿಗಿಂತ ತುಸು ಮೇಲೆ ಇರಲಿ. ಗೊನೆ ಇಳಿಬಿದ್ದಾಗ ಸರಿಯಾಗಿ ಮುಖದ ಎದುರಿಗೆ ಬರುತ್ತದೆ, ಬೇರು ನೋಡುವುದೂ ಸುಲಭ.

3. ಬೇರನ್ನು ಕಾಲು ಗಂಟೆ ನೀರಲ್ಲಿ ನೆನೆಸಿ. ಒಣಗಿದ ಬೇರು ಬಗ್ಗಿಸಿದರೆ ಪಟ್ಟನೆ ಮುರಿಯುತ್ತದೆ, ನೆನೆದದ್ದು ಬಾಗುತ್ತದೆ. ಸತ್ತ ಬೇರನ್ನು ಮಾತ್ರ ಕತ್ತರಿಸಿ.

4. ಗಿಡವನ್ನು ನೆಟ್ಟಗೆ ನಿಲ್ಲಿಸಬೇಡಿ. ಸುಳಿ ಹೊರಕ್ಕೆ, ಸ್ವಲ್ಪ ಕೆಳಕ್ಕೆ ಬಾಗಿರಲಿ. ಕಾಡಿನಲ್ಲಿ ಇದು ಹಾಗೇ ಇರುತ್ತದೆ. ಸುಳಿಯಲ್ಲಿ ಬಿದ್ದ ನೀರು ಜಾರಿ ಹೋಗಲು ಅದೇ ದಾರಿ.

5. ಹಳೆ ಹತ್ತಿ ಬಟ್ಟೆಯನ್ನು ಒಂದಿಂಚು ಅಗಲಕ್ಕೆ ಪಟ್ಟಿಯಾಗಿ ಹರಿದು, ಅದರಲ್ಲಿ ಬಿಗಿಯಾಗಿ ಕಟ್ಟಿ. ಗಿಡ ಅಲ್ಲಾಡಬಾರದು. ಅಲ್ಲಾಡಿದಾಗಲೆಲ್ಲ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಸಾಯುತ್ತದೆ. ಬಾಳೆನಾರು ಬೇಡ, ಮಳೆಗೆ ಬೇಗ ಕೊಳೆಯುತ್ತದೆ. ತಂತಿಯಂತೂ ಬೇಡವೇ ಬೇಡ. ಬೇರಿನ ಮೇಲೆ ಪಾಚಿಯನ್ನಾಗಲಿ ತೆಂಗಿನ ನಾರನ್ನಾಗಲಿ ಹೇರಬೇಡಿ.

ಮೂರು ನಾಲ್ಕು ತಿಂಗಳಲ್ಲಿ ಹೊಸ ಬೇರು ತೊಗಟೆಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಬಟ್ಟೆಯೂ ಸವೆದಿರುತ್ತದೆ. ಆಮೇಲೆ ಮಲೆನಾಡಿನಲ್ಲಿ ಇದಕ್ಕೆ ನಿಮ್ಮ ಅಗತ್ಯವೇ ಕಡಿಮೆ. ಬಿರುಬೇಸಗೆಯಲ್ಲಿ ವಾರಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿದರೆ ಸಾಕು.

ಮರ ಇಲ್ಲದವರಿಗೆ ಬುಟ್ಟಿ

ಆರಿಂಚಿನ ಸಾಗುವಾನಿ ಪಟ್ಟಿಯ ಬುಟ್ಟಿ ಎಲ್ಲಕ್ಕಿಂತ ಒಳ್ಳೆಯದು. ತೂತಿರುವ ಪ್ಲಾಸ್ಟಿಕ್ ಬುಟ್ಟಿಯೂ ನಡೆಯುತ್ತದೆ. ಒಳಗೆ ಹಾಕಬೇಕಾದ್ದು ದೊಡ್ಡ ದೊಡ್ಡ ಇದ್ದಿಲಿನ ತುಂಡು, ಬೇಕಾದರೆ ಒಂದೆರಡು ಹೆಂಚಿನ ಚೂರು. ಅಷ್ಟೆ. ಗಿಡ ಅಲ್ಲಾಡದೆ ನಿಲ್ಲುವಷ್ಟು ಇದ್ದರೆ ಸಾಕು, ಬುಟ್ಟಿ ತುಂಬಬೇಕಾಗಿಲ್ಲ. ಮಣ್ಣು, ಮರಳು, ಕೊಕೊಪೀಟ್ ಯಾವುದೂ ಒಂದು ಚಿಟಿಕೆಯೂ ಬೇಡ. ಬೆಂಗಳೂರಿನಂಥ ಒಣ ಊರಲ್ಲಿ ನಾಲ್ಕಾರು ತುಂಡು ತೆಂಗಿನ ಸಿಪ್ಪೆ ಸೇರಿಸಬಹುದು. ಮಂಗಳೂರು, ಉಡುಪಿಯಲ್ಲಿ ಅದೂ ಬೇಡ, ಮಳೆಗಾಲದಲ್ಲಿ ಸಿಪ್ಪೆ ಕೊಳೆತು ಬೇರನ್ನೂ ಕೊಳೆಸುತ್ತದೆ.

ಬೇರು ಬುಟ್ಟಿಯಿಂದ ಹೊರಗೆ ಬಂದು ಗಾಳಿಯಲ್ಲಿ ಜೋತುಬಿದ್ದರೆ ಗಾಬರಿ ಬೇಡ. ಅದನ್ನು ಒಳಗೆ ತುರುಕಬೇಡಿ, ಕತ್ತರಿಸಲೂಬೇಡಿ. ಅದು ಆರೋಗ್ಯದ ಗುರುತು. ಬುಟ್ಟಿ ಹಳೆಯದಾದರೆ ಹಾಗೇ ಇನ್ನೊಂದು ದೊಡ್ಡ ಬುಟ್ಟಿಯೊಳಗೆ ಇಳಿಸಿ. ಬೇರು ಕದಲಿಸಿದರೆ ಈ ಗಿಡ ಮುನಿಸಿಕೊಳ್ಳುತ್ತದೆ, ಒಂದು ವರ್ಷದ ಹೂ ಹೋಯಿತೆಂದೇ ಲೆಕ್ಕ.

ಬೆಳಕು ಎಷ್ಟು ಬೇಕು? ತಾರಸಿಯಾದರೆ 50 ಶೇಕಡ ನೆರಳು ಬಲೆಯ ಕೆಳಗೆ, ಬಾಲ್ಕನಿಯಾದರೆ ಪೂರ್ವಕ್ಕೆ ಮುಖ ಮಾಡಿದ್ದು. ಎಲೆಯ ಬಣ್ಣವೇ ಹೇಳುತ್ತದೆ. ತಿಳಿ ಹುಲ್ಲಿನ ಹಸಿರು ಇದ್ದರೆ ಸರಿ. ಕಡು ಹಸಿರಾಗಿ ಎಲೆ ಉದ್ದುದ್ದ ಬೆಳೆದರೆ ಬೆಳಕು ಸಾಲದು, ಅಂಥ ಗಿಡ ಎಷ್ಟು ಸೊಂಪಾಗಿ ಕಂಡರೂ ಹೂ ಬಿಡುವುದಿಲ್ಲ. ಎಲೆಯಲ್ಲಿ ಹಳದಿ, ಅದರ ನಡುವೆ ಕಂದು ಮಚ್ಚೆ ಬಂದರೆ ಬಿಸಿಲು ಸುಟ್ಟಿದೆ. ಗಾಳಿ ಆಡದ ಮೂಲೆ, ಮುಚ್ಚಿದ ಕಿಟಕಿಯ ಒಳಬದಿ ಇದಕ್ಕೆ ಆಗುವುದಿಲ್ಲ. ಚಳಿ ದೇಶದಲ್ಲಿರುವ ಕನ್ನಡಿಗರು ರಾತ್ರಿಯ ಉಷ್ಣತೆ 12 ಡಿಗ್ರಿಗೆ ಇಳಿಯುವ ಮೊದಲೇ ಗಿಡವನ್ನು ಒಳಗೆ ತಂದು, ಒಂದು ಚಿಕ್ಕ ಫ್ಯಾನ್ ಹಾಕಿಡಿ.

ನೀರು: ಎಲ್ಲ ಇರುವುದು ಇಲ್ಲೇ

ಒಮ್ಮೆ ಬೇರಿನ ಹತ್ತಿರ ಮುಖ ಇಟ್ಟು ನೀರು ಹಾಕಿ ನೋಡಿ. ಒಣಗಿದ ಬೇರು ಸುಣ್ಣ ಬಳಿದ ಹಾಗೆ ಬೂದುಬಿಳುಪು. ಮೊದಲ ಹನಿಗಳು ಅದರ ಮೇಲಿಂದ ಉರುಳಿ ಕೆಳಗೆ ಬೀಳುತ್ತವೆ. ಸ್ವಲ್ಪ ಹೊತ್ತಿಗೆ ಅಲ್ಲಲ್ಲಿ ಹಸಿರು ಮಚ್ಚೆ ಏಳುತ್ತದೆ. ಆ ಮಚ್ಚೆಗಳು ಒಂದಕ್ಕೊಂದು ಕೂಡಿ ಇಡೀ ಬೇರು ಹಸಿರಾಗುತ್ತದೆ. ಬೇರಿನ ಸುತ್ತ ಇರುವ ಸತ್ತ ಕೋಶಗಳ ಬಿಳಿ ಪೊರೆ ನೀರು ಹೀರಿ ಪಾರದರ್ಶಕವಾಗುತ್ತದೆ. ಆಗ ಒಳಗಿನ ಹಸಿರು ಕಾಣುತ್ತದೆ, ಅಷ್ಟೆ. ಆ ಬಿಳಿ ಪೊರೆಯೇ ಈ ಗಿಡದ ನೀರಿನ ತೊಟ್ಟಿ. ಇದಕ್ಕೆ ಗಡ್ಡೆ ಇಲ್ಲ, ದಪ್ಪ ಕಾಂಡ ಇಲ್ಲ. ಕೂಡಿಟ್ಟುಕೊಳ್ಳುವುದೆಲ್ಲ ಬೇರಲ್ಲಿ ಮತ್ತು ದಪ್ಪ ಎಲೆಯಲ್ಲಿ.

ಹಾಗಾಗಿ ನೀರು ಹಾಕುವ ಕ್ರಮ ಹೀಗಿರಲಿ. ಬೆಳಿಗ್ಗೆ ಒಮ್ಮೆ ಬೇರು ಪೂರ್ತಿ ತೋಯುವಂತೆ ಹಾಕಿ. ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಮೊದಲ ಸಲ ಪೊರೆ ಮೆತ್ತಗಾಗುತ್ತದೆ, ಎರಡನೇ ಸಲ ಹೊಟ್ಟೆ ತುಂಬ ಕುಡಿಯುತ್ತದೆ. ಬೇರು ಎಲ್ಲ ಕಡೆ ಒಂದೇ ಹಸಿರಾದರೆ ಸಾಕು, ನಿಲ್ಲಿಸಿ. ಸಂಜೆಯೊಳಗೆ ಅದು ಮತ್ತೆ ಬಿಳಿ ಆಗಲೇಬೇಕು. ಮರುದಿನ ಬೆಳಿಗ್ಗೆಯೂ ಬೇರು ಹಸಿರಾಗೇ ಇದ್ದರೆ ಆ ದಿನ ನೀರು ಬೇಡ. ಬೇಸಗೆಯಲ್ಲಿ ಮಧ್ಯಾಹ್ನಕ್ಕೇ ಬಿಳಿಯಾಗಿಬಿಟ್ಟರೆ ಮೂರು ನಾಲ್ಕು ಗಂಟೆಗೆ ಇನ್ನೊಂದು ಸಲ ಕೊಡಿ. ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಎಂದು ಕೇಳುವವರಿಗೆ ನನ್ನ ಉತ್ತರ ಇದೇ, ಬೇರನ್ನು ಕೇಳಿ.

ಕತ್ತಲಾಗುವ ಹೊತ್ತಿಗೆ ನೀರು ಹಾಕುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ರಾತ್ರಿಯಿಡೀ ಸುಳಿಯಲ್ಲಿ ನೀರು ನಿಂತರೆ ಸುಳಿ ಕೊಳೆಯುತ್ತದೆ. ಈ ಗಿಡಕ್ಕೆ ಬೆಳೆಯುವ ಸುಳಿ ಇರುವುದು ಒಂದೇ.

ನೀರಿನ ಗುಣವೂ ಮುಖ್ಯ ಅಲ್ವಾ? ಬಯಲುಸೀಮೆಯ, ಬೆಂಗಳೂರಿನ ಎಷ್ಟೋ ಬೋರ್‌ವೆಲ್ ನೀರಲ್ಲಿ ಸುಣ್ಣ, ಉಪ್ಪು ಜಾಸ್ತಿ. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪೊರೆ ಕಟ್ಟುವ ನೀರು ಬೇರಿನ ಮೇಲೂ ಕಟ್ಟುತ್ತದೆ, ಬೇರಿನ ಮೊನೆ ಕಪ್ಪಾಗಿ ನಿಲ್ಲುತ್ತದೆ. ಮಳೆನೀರು ಹಿಡಿದಿಟ್ಟು ಕೊಡಿ. ಮಳೆನೀರು ಇಲ್ಲದಾಗ ಕುಡಿಯುವ ನೀರಿನ ಆರ್‌ಒ ಫಿಲ್ಟರಿನ ಒಳ್ಳೆ ನೀರು ಕೊಡಿ. ಫಿಲ್ಟರು ಹೊರಗೆ ಬಿಡುವ ನೀರು ಬೇಡ, ಅದರಲ್ಲೇ ಉಪ್ಪೆಲ್ಲ ಸೇರಿರುತ್ತದೆ.

ಗೊಬ್ಬರ, ಚಳಿಗಾಲದ ವಿಶ್ರಾಂತಿ

ಗೊಬ್ಬರದಂಗಡಿಯಲ್ಲಿ ಸಿಗುವ ನೀರಲ್ಲಿ ಕರಗುವ 19:19:19 ಸಾಕು. ಒಂದು ಲೀಟರಿಗೆ ಅರ್ಧ ಗ್ರಾಂ, ಹೆಚ್ಚೆಂದರೆ ಒಂದು ಗ್ರಾಂ. ವಾರಕ್ಕೆ ಒಂದು ಸಲ, ಬೇರು ನೆನೆಸಿದ ಮೇಲೆ ಸಿಂಪಡಿಸಿ. ಒಣ ಬೇರಿಗೆ ಗೊಬ್ಬರ ಹಾಕಿದರೆ ಮೊನೆ ಸುಡುತ್ತದೆ. ತಿಂಗಳಿಗೊಮ್ಮೆ ಬರೀ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಮರಕ್ಕೆ ಹಿಡಿದ ಗಿಡಕ್ಕೆ ಮಲೆನಾಡಿನಲ್ಲಿ ಇದೂ ಬೇಡ.

ನವೆಂಬರ್ ಕೊನೆಗೆ ಬೇರಿನ ಹಸಿರು ಮೊನೆ ಮುಚ್ಚಿಕೊಂಡು ತುದಿಯವರೆಗೂ ಬಿಳಿಯಾಗುತ್ತದೆ. ಗಿಡ ಮಲಗಿತು ಎಂದು ಲೆಕ್ಕ. ರೆಟ್ಯೂಸಾಗೆ ಗೊಬ್ಬರ ನಿಲ್ಲಿಸಿ, ನೀರು ವಾರಕ್ಕೆ ಎರಡು ಸಲಕ್ಕೆ ಇಳಿಸಿ. ಬೆಳಕು ಮಾತ್ರ ಕಡಿಮೆ ಮಾಡಬೇಡಿ. ಈ ಎರಡು ಮೂರು ತಿಂಗಳ ಒಣಹವೆ, ತಂಪು ರಾತ್ರಿ ಸಿಕ್ಕಿದರೆ ಹೂ ಚೆನ್ನಾಗಿ ಬರುತ್ತದೆ. ವರ್ಷಪೂರ್ತಿ ಮುದ್ದು ಮಾಡಿ ನೀರು ಹಾಕಿದ ಗಿಡಗಳು ಎಲೆ ಮೇಲೆ ಎಲೆ ಬಿಟ್ಟು ಹೂ ಬಿಡದೆ ಕೂರುತ್ತವೆ. ಜೈಗಾಂಟಿಯಾಗೆ ಈ ಲೆಕ್ಕ ಬೇರೆ. ಅದು ಚಳಿಗಾಲದಲ್ಲೇ ಗೊನೆ ಬಿಡುವುದರಿಂದ ಆಗ ಪೂರ್ತಿ ಒಣಗಿಸಬೇಡಿ.

ಬೇಸಗೆ ಶುರುವಾದಾಗ ಎಲೆಯ ಕಂಕುಳಲ್ಲಿ ಒಂದು ಮೊನೆ ಇಣುಕುತ್ತದೆ. ಅದು ಗೊನೆಯೋ ಬೇರೋ ಎಂಬ ಗೊಂದಲ ಎಲ್ಲರಿಗೂ ಆಗುತ್ತದೆ. ಬೇರಾದರೆ ತುದಿ ಗುಂಡಗೆ, ನುಣ್ಣಗೆ ಹೊಳೆಯುತ್ತದೆ. ಗೊನೆಯಾದರೆ ತುಸು ಚಪ್ಪಟೆ, ಮೇಲೆ ಒಂದರ ಮೇಲೊಂದು ಪುಟ್ಟ ಪೊರೆ ಹೊದ್ದಿರುತ್ತದೆ. ಗೊನೆ ಎಂದು ಗೊತ್ತಾದ ಮೇಲೆ ನೀರು, ಗೊಬ್ಬರ ಎರಡನ್ನೂ ನಿಧಾನವಾಗಿ ಹೆಚ್ಚಿಸಿ. ಬುಟ್ಟಿಯ ದಿಕ್ಕು ಮಾತ್ರ ಬದಲಿಸಬೇಡಿ, ಗೊನೆ ಬೆಳಕಿಗೆ ತಿರುಗಿ ತಿರುಗಿ ಸೊಟ್ಟಗಾಗುತ್ತದೆ. ಅರಳಿದ ಗೊನೆ ಎರಡು ಮೂರು ವಾರ ಇರುತ್ತದೆ. ಹೂವಿನ ಮೇಲೆ ನೀರು ಬೀಳಿಸದಿದ್ದರೆ ಇನ್ನೂ ನಾಲ್ಕು ದಿನ ಹೆಚ್ಚು.

ತೊಂದರೆ ಬಂದಾಗ

ಎಲೆ ಉದ್ದಕ್ಕೆ ಮಡಚಿ ಸುಕ್ಕುಗಟ್ಟಿದರೆ ಕೈ ತಕ್ಷಣ ನೀರಿನ ಪೈಪಿಗೆ ಹೋಗುತ್ತದೆ. ಮೊದಲು ಬೇರು ಒತ್ತಿ ನೋಡಿ. ಬೇರು ಗಟ್ಟಿಯಾಗಿದ್ದರೆ ನಿಜಕ್ಕೂ ಬಾಯಾರಿದೆ, ನೀರು ಕೊಡಿ. ಬೇರು ಟೊಳ್ಳಾಗಿದ್ದರೆ ನೀರು ಜಾಸ್ತಿಯಾಗಿ ಕೊಳೆತಿದೆ, ಕುಡಿಯಲು ಬಾಯಿಯೇ ಇಲ್ಲ. ಸತ್ತ ಬೇರು ಕತ್ತರಿಸಿ, ಇದ್ದಿಲು ತೆಗೆದು, ಗಿಡವನ್ನು ನೆರಳಲ್ಲಿ ಹಾಗೇ ನೇತುಹಾಕಿ. ಕೆಳಗೆ ಅಗಲ ಪಾತ್ರೆಯಲ್ಲಿ ನೀರಿಟ್ಟು ಗಾಳಿಯಲ್ಲಿ ತೇವ ಇರುವಂತೆ ನೋಡಿಕೊಳ್ಳಿ. ಹೊಸ ಬೇರು ಬರಲು ತಿಂಗಳುಗಳೇ ಬೇಕಾಗಬಹುದು.

ಸುಳಿಯ ಎಲೆ ಎಳೆದರೆ ಕೈಗೆ ಬಂದು ಕೆಟ್ಟ ವಾಸನೆ ಹೊಡೆದರೆ ಸುಳಿಕೊಳೆ. ಕೊಳೆತದ್ದನ್ನೆಲ್ಲ ಚೊಕ್ಕ ಚಾಕುವಿನಲ್ಲಿ ತೆಗೆದು, ಗಾಯಕ್ಕೆ ಚಕ್ಕೆ ಪುಡಿ ಹಚ್ಚಿ, ಮಳೆ ಬೀಳದ ಕಡೆ ತಲೆಕೆಳಗಾಗಿ ತೂಗುಹಾಕಿ. ಚಕ್ಕೆ ಪುಡಿ ಬೇರಿಗೆ ತಾಗಬಾರದು, ಬೇರನ್ನು ಒಣಗಿಸುತ್ತದೆ. ಬೇರು ಚೆನ್ನಾಗಿದ್ದರೆ ಬುಡದಿಂದ ಮರಿ ಬರುವ ಸಾಧ್ಯತೆ ಇದೆ, ಎಸೆಯಬೇಡಿ.

ಬಸವನಹುಳು, ಗೊಂಡೆಹುಳು ಎಳೆ ಬೇರಿನ ಮೊನೆಯನ್ನೇ ತಿನ್ನುತ್ತವೆ. ಮಳೆಗಾಲದ ರಾತ್ರಿ ಟಾರ್ಚ್ ಹಿಡಿದು ಹೋಗಿ ಹೆಕ್ಕುವುದೇ ಉಪಾಯ. ಶಲ್ಕ ಕೀಟ, ಹಿಟ್ಟು ತಿಗಣೆಗೆ ಹಳೆ ಟೂತ್‌ಬ್ರಷ್‌ನಲ್ಲಿ ಸೋಪು ನೀರು ಹಾಕಿ ತಿಕ್ಕಿ, ಆಮೇಲೆ ತೊಳೆಯಿರಿ. ಅಡಿಕೆ ತೋಟಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ದಿನ ಬುಟ್ಟಿಗಳನ್ನು ದೂರ ಒಯ್ದಿಡಿ. ಆ ತಾಮ್ರ ಎಳೆ ಬೇರಿಗೆ ಒಳ್ಳೆಯದಲ್ಲ.

ಹೂ ಮುಗಿದ ಮೇಲೆ

ಒಣಗಿದ ಗೊನೆಯನ್ನು ಬುಡದಿಂದ ಒಂದಿಂಚು ಬಿಟ್ಟು ಕತ್ತರಿಸಿ. ಕಾಯಿ ಕಟ್ಟಿದ್ದರೆ, ಗಿಡ ಚಿಕ್ಕದಾಗಿದ್ದಾಗ ತೆಗೆದುಬಿಡಿ, ಅದು ಗಿಡದ ಶಕ್ತಿ ಹೀರುತ್ತದೆ. ಮರದ ಮೇಲಿನ ಬಲಿತ ಗಿಡದಲ್ಲಿ ಒಂದೆರಡು ಕಾಯಿ ಬಿಡಿ. ಒಳಗಿನ ಬೀಜ ಧೂಳಿನಷ್ಟು ಸಣ್ಣದು. ಅದರಲ್ಲಿ ಸ್ವಂತ ಆಹಾರ ಇರುವುದಿಲ್ಲ, ತೊಗಟೆಯಲ್ಲಿ ಸರಿಯಾದ ಶಿಲೀಂಧ್ರ ಸಿಕ್ಕಿದರೆ ಮಾತ್ರ ಮೊಳೆಯುತ್ತದೆ. ಕುಂಡದಲ್ಲಿ ಬಿತ್ತಿ ಪ್ರಯೋಜನವಿಲ್ಲ, ಪ್ರಯೋಗಾಲಯದ ಬಾಟಲಿಯೇ ಬೇಕು. ಆದರೆ ಹಳೆ ಮಾವಿನ ಮರದ ಪಾಚಿ ಹಿಡಿದ ತೊಗಟೆಯಲ್ಲಿ ಅದೃಷ್ಟವಿದ್ದರೆ ತಾನಾಗೇ ಮರಿ ಏಳುತ್ತವೆ.

ಮನೆಯಲ್ಲಿ ಗಿಡ ಹೆಚ್ಚಿಸಲು ಇರುವ ದಾರಿ ಬುಡದ ಮರಿ. ಮರಿಗೆ ತನ್ನದೇ ಆದ ಮೂರು ಬೇರು, ಒಂದೊಂದೂ ನಾಲ್ಕಿಂಚಿಗಿಂತ ಉದ್ದ ಆಗುವವರೆಗೂ ಮುಟ್ಟಬೇಡಿ. ಆಮೇಲೂ ಹೂ ಮುಗಿದ ಹೊತ್ತು, ಬೇರು ಮೊಳೆಯುವ ಹೊತ್ತು ನೋಡಿಯೇ ಬೇರ್ಪಡಿಸಿ. ಬೆಂಕಿಗೆ ಹಿಡಿದು ಆರಿಸಿದ ಚಾಕು ಬಳಸಿ, ಎರಡೂ ಗಾಯಕ್ಕೆ ಚಕ್ಕೆ ಪುಡಿ ಹಚ್ಚಿ, ಎರಡು ದಿನ ನೀರು ತೋರಿಸಬೇಡಿ. ಆತುರ ಇಲ್ಲದಿದ್ದರೆ ಬೇರ್ಪಡಿಸದೆ ಹಾಗೇ ಬಿಡುವುದೇ ನನಗೆ ಇಷ್ಟ. ತಾಯಿ, ಮರಿ ಸೇರಿ ಒಂದೇ ಬುಡದಿಂದ ನಾಲ್ಕಾರು ಗೊನೆ ಒಟ್ಟಿಗೇ ಇಳಿಬಿಡುತ್ತವೆ.